ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಖಳಪಾತ್ರಗಳಿಂದಲೇ ಹೆಸರಾದದ್ದು ಹೇಗೆ?

1933ರಲ್ಲಿ ಹೊನ್ನಾವರ ತಾಲ್ಲೂಕಿನಲ್ಲಿ ಹುಟ್ಟಿದ ಚಿಟ್ಟಾಣಿಯವರು ಶಾಲೆ ಕಲಿತದ್ದು ತೀರ ಕಡಿಮೆ. ಎಳವೆಯಲ್ಲೇ ಗೆಜ್ಜೆ ಕಟ್ಟಿ ಬಡಗುತಿಟ್ಟಿನ (ಉತ್ತರದ ಶೈಲಿಯ) ಯಕ್ಷಗಾನಕ್ಕೆ ಬಂದರು. ಕೀಚಕ, ಭಸ್ಮಾಸುರ, ದುಷ್ಟಬುದ್ಧಿ ಅವರಿಗೆ ಹೆಸರು ತಂದ ವೇಷಗಳು. ಸೈರಂಧ್ರಿಯನ್ನು ಕಂಡ ಕೀಚಕನ ಮೋಹವನ್ನು ಅವರು ಮಾತಿಗಿಂತ ಹೆಚ್ಚಾಗಿ ಕಣ್ಣು, ಕೊರಳು, ಹೆಜ್ಜೆಗಳಲ್ಲಿ, ಭಾಗವತರು ಹಾಡುವ ಒಂದೇ ಪದ್ಯವನ್ನು ಹಿಗ್ಗಿಸಿಕೊಂಡು ತೋರಿಸುತ್ತಿದ್ದುದರಿಂದ, ಅವನು ಸಾಯತಕ್ಕವನೆಂದು ಗೊತ್ತಿದ್ದರೂ ಪ್ರೇಕ್ಷಕರಿಗೆ ಅವನನ್ನು ದ್ವೇಷಿಸುವುದು ಸಾಧ್ಯವಾಗುತ್ತಿರಲಿಲ್ಲ. ಅರ್ಥಗಾರಿಕೆಯ, ಅಂದರೆ ಪದ್ಯದ ಅರ್ಥವನ್ನು ಆಶುವಾಗಿ ಮಾತಿನಲ್ಲಿ ಬೆಳೆಸುವ ಕಲೆಯ, ಪಾಂಡಿತ್ಯವನ್ನು ಬಯಸುವವರಿಗೆ ಈ ಶೃಂಗಾರ ಅತಿಯೆನಿಸಬಹುದು. ಆ ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾರೆ, ಆದರೆ ಶಿರಸಿ, ಕುಮಟಾ ಕಡೆಯ ಜನರನ್ನು ಬೆಳಗಿನ ಜಾವದವರೆಗೆ ಕೂರಿಸಿದ್ದು ಈ ಅಭಿನಯವೇ. 2012ರಲ್ಲಿ ಪದ್ಮಶ್ರೀ ಬಂದ ಮೇಲೂ ವೇಷ ಕಟ್ಟುವುದನ್ನು ಬಿಡದ ಅವರು 2017ರ ಅಕ್ಟೋಬರ್ 3ರಂದು ನಿಧನರಾದರು.