ಎರಡು ಬಿದ್ದರೆ ಇವತ್ತು ರಜೆ

ಇವರನ್ನು ವನಿತಾ ಎಂದು ಕರೆಯೋಣ. ವಯಸ್ಸು 41. ಮಧ್ಯ ಕರ್ನಾಟಕದ ಒಂದು ಊರಿನ ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಟೀಚರ್. ಮನೆಯಲ್ಲಿ ಗಂಡ, ಅತ್ತೆ, ಏಳನೇ ಕ್ಲಾಸಿನ ಮಗ. ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದದ್ದು ಸಂಕ್ರಾಂತಿ ಮುಗಿದ ಮೇಲೆ. ಕೂತವರೇ ಒಂದು ಡೈರಿ ತೆಗೆದು ಟೇಬಲ್ ಮೇಲಿಟ್ಟರು. "ಮೇಡಂ, ನನಗೆ ಶಿಸ್ತು ಅನ್ನೋದೇ ಇಲ್ಲ. ಅದೊಂದನ್ನ ಸರಿಮಾಡಿಕೊಡಿ" ಅಂದರು.

ಡೈರಿಯಲ್ಲಿ ಜನವರಿ ತಿಂಗಳಿಗೆ ಸ್ಕೇಲ್ ಇಟ್ಟು ಗೆರೆ ಎಳೆದಿದ್ದರು. ಎಡಗಡೆ ಹೊಸ ವರ್ಷದ ಗುರಿಗಳು. ಬೆಳಿಗ್ಗೆ ಐದಕ್ಕೆ ಏಳುವುದು, 12 ಸೂರ್ಯನಮಸ್ಕಾರ, 10,000 ಹೆಜ್ಜೆ, ಮೂರು ಲೀಟರ್ ನೀರು, ಸಕ್ಕರೆ ಬಂದ್, ರೀಲ್ಸ್ ಬಂದ್, ದಿನಕ್ಕೆ 20 ಪುಟ ಓದು, ಧ್ಯಾನ, ಇಂಗ್ಲಿಷ್ ಮಾತಾಡುವ ಅಭ್ಯಾಸ, ಮಗನಿಗೆ ಒಂದು ಗಂಟೆ ಪಾಠ, ಮಲಗುವ ಮುಂಚೆ ಆ ದಿನದ ಮೂರು ಒಳ್ಳೆಯ ಸಂಗತಿ ಬರೆಯುವುದು. ಮಾಡಿದ್ದಕ್ಕೆ ಹಸಿರು, ತಪ್ಪಿದ್ದಕ್ಕೆ ಕೆಂಪು. ಮೊದಲ ವಾರ ಬಹುಪಾಲು ಹಸಿರು. ಆಮೇಲೆ ಕೆಂಪು ಹೆಚ್ಚುತ್ತಾ ಹೋಗಿತ್ತು. ಸಂಕ್ರಾಂತಿ ದಿನವಂತೂ ಮೇಲಿನಿಂದ ಕೆಳಗಿನವರೆಗೆ ಕೆಂಪು. ಎಳ್ಳು ಬೆಲ್ಲ ತಿಂದಿದ್ದರು, ಒಂದು ಸಕ್ಕರೆ ಅಚ್ಚನ್ನೂ ತಿಂದಿದ್ದರು. ಒಂದು ತಪ್ಪಿತಲ್ಲ, ಇನ್ನು ಉಳಿದದ್ದು ಮಾಡಿ ಏನು ಪ್ರಯೋಜನ ಅಂತ ಎಲ್ಲವನ್ನೂ ಬಿಟ್ಟಿದ್ದರು. ಡೈರಿ ನೋಡಿದ ಅತ್ತೆ "ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ" ಅಂತ ನಕ್ಕರಂತೆ. ಅತ್ತೆ ಹೇಳಿದ್ದು ತಮಾಷೆಗೆ. ವನಿತಾ ಆ ರಾತ್ರಿ ಬಾತ್‌ರೂಮಿನಲ್ಲಿ ಕೂತು ಅತ್ತಿದ್ದರು.

ಡೈರಿಯನ್ನು ಪಕ್ಕಕ್ಕಿಟ್ಟು ದಿನಚರಿ ಕೇಳಿದೆ. ಶಿಸ್ತಿಲ್ಲ ಎನ್ನುವ ಈ ಹೆಂಗಸು ಎಂಟೂಕಾಲಿಗೆ ಎಸ್ಸೆಸ್ಸೆಲ್ಸಿ ಮಕ್ಕಳ ಸ್ಪೆಷಲ್ ಕ್ಲಾಸಿಗೆ ಶಾಲೆಯಲ್ಲಿರುತ್ತಾರೆ. ಸಂಜೆ ಇನ್ನೊಂದು ಸ್ಪೆಷಲ್ ಕ್ಲಾಸ್ ಮುಗಿಸಿ ಮನೆಗೆ ಬರುವಾಗ ಆರು ದಾಟಿರುತ್ತದೆ. ಅಡುಗೆ, ಮಗನ ಓದು, ಆಮೇಲೆ ಟೆಸ್ಟ್ ಪೇಪರ್ ತಿದ್ದುವುದು. ರಾತ್ರಿ ಹತ್ತಕ್ಕೂ ಪೋಷಕರ ವಾಟ್ಸಾಪ್ ಕರೆ. ಭಾನುವಾರ ಸಂಜೆಯಾದರೆ ಹೊಟ್ಟೆ ಹಿಡಿದುಕೊಳ್ಳುತ್ತದೆ. "ಮೊದಲು ದಡ್ಡ ಹುಡುಗ ಒಂದು ಲೆಕ್ಕ ಬಿಡಿಸಿದರೆ ಖುಷಿಯಾಗ್ತಿತ್ತು. ಈಗ ಏನೂ ಅನಿಸಲ್ಲ. ಬರೀ ರಿಸಲ್ಟ್ ಶೇಕಡಾ ಎಷ್ಟು ಬರುತ್ತೆ ಅನ್ನೋದೇ ತಲೆಯಲ್ಲಿ."

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಏನೆಂದು ವಿವರಿಸಿದಾಗ ಮೂರು ಲಕ್ಷಣ ಹೇಳಿತು. ಶಕ್ತಿಯೆಲ್ಲ ಬತ್ತಿದಂತಾಗುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಎಷ್ಟು ಮಾಡಿದರೂ ಏನೂ ಆಗುತ್ತಿಲ್ಲ ಅನಿಸುವುದು. ಅದನ್ನು ಕಾಯಿಲೆ ಅಂತ ಕರೆಯಲಿಲ್ಲ. ಕೆಲಸದ ಜಾಗದ ಒತ್ತಡವನ್ನು ಬಹುಕಾಲ ಸರಿಯಾಗಿ ನಿಭಾಯಿಸದೇ ಇದ್ದಾಗ ಬರುವ ಸ್ಥಿತಿ ಅಂದಿತು. ವನಿತಾ ಅವರಲ್ಲಿ ಮೂರೂ ಇದ್ದವು. ಅದರ ಮೇಲೆ ಹನ್ನೊಂದು ಹೊಸ ಕೆಲಸ ಹೇರಿಕೊಂಡು, ಅವುಗಳಿಗೂ ತಾವೇ ಮೌಲ್ಯಮಾಪಕರಾಗಿದ್ದರು.

ಖಿನ್ನತೆ ಇದೆಯೇ ಎಂದು ಮೊದಲು ನೋಡಲೇಬೇಕು. ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ತುಂಬಿಸಿದೆ. ಅಂಕ ಸೌಮ್ಯ ಮಟ್ಟದಲ್ಲಿತ್ತು, ಸಾಯುವ ಯೋಚನೆ ಇರಲಿಲ್ಲ. ಎರಡು ವಾರಕ್ಕಿಂತ ಜಾಸ್ತಿ ದಿನ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಬದುಕೇ ಬೇಡ ಅನಿಸುತ್ತಿದ್ದರೆ ಈ ಲೇಖನದಲ್ಲಿ ಮುಂದೆ ಬರುವ ಆಟ ಸಾಲುವುದಿಲ್ಲ. ಡಾಕ್ಟರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ಜೊತೆಗೆ ಫ್ಯಾಮಿಲಿ ಡಾಕ್ಟರ್ ಹತ್ತಿರ ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಲು ಕಳಿಸಿದೆ. ಥೈರಾಯ್ಡ್ ಸರಿಯಿತ್ತು. ಹಿಮೋಗ್ಲೋಬಿನ್ 9.6. ಗರ್ಭಿಣಿಯಲ್ಲದ ಹೆಂಗಸರಲ್ಲಿ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇದು ಇದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸಿಕ್ಕ ಪ್ರಮಾಣ ಶೇ. 57. ಮೆಟ್ಟಿಲು ಹತ್ತಿದರೆ ಏದುಸಿರು ಬರುವವರು ಬೆಳಿಗ್ಗೆ ಐದಕ್ಕೆ ಎದ್ದು ಸೂರ್ಯನಮಸ್ಕಾರ ಹಾಕಲಿಲ್ಲ ಅಂತ ತಮ್ಮನ್ನೇ ಬೈದುಕೊಳ್ಳುತ್ತಿದ್ದರು! ಡಾಕ್ಟರು ಕಬ್ಬಿಣಾಂಶದ ಮಾತ್ರೆ ಕೊಟ್ಟು, ಮಾತ್ರೆಯ ಹಿಂದೆಯೇ ಟೀ ಕುಡಿಯಬೇಡಿ ಅಂದರು. ಟೀ ಜೊತೆಯಲ್ಲಿದ್ದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಎರಡನೇ ಭೇಟಿಯಲ್ಲೂ ಗುರಿಗಳ ಮಾತು ಎತ್ತಲಿಲ್ಲ. ಕೆಲಸದಲ್ಲಿ ಏನನ್ನು ಇಳಿಸಬಹುದು ಅಂತಷ್ಟೇ ನೋಡಿದೆವು. ಇದನ್ನು ಬಿಟ್ಟು ನೇರ ಧ್ಯಾನಕ್ಕೆ, ವಾಕಿಂಗಿಗೆ ಹೋಗುವ ಸಲಹೆಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಭಾರ ಇಳಿಸದೆ ವಿಶ್ರಾಂತಿಯನ್ನೂ ಒಂದು ಹೋಂವರ್ಕ್ ಮಾಡಿಬಿಡುತ್ತೇವೆ. ವನಿತಾ ಎರಡು ಕೆಲಸ ಮಾಡಿದರು. ರಾತ್ರಿ ಎಂಟರ ನಂತರ ಕರೆ ತೆಗೆಯುವುದಿಲ್ಲ, ಮೆಸೇಜ್ ಹಾಕಿದರೆ ಮಾರನೇ ದಿನ ಉತ್ತರಿಸುತ್ತೇನೆ ಎಂದು ಪೋಷಕರ ಗುಂಪಿನಲ್ಲಿ ಬರೆದರು. ಮುಖ್ಯೋಪಾಧ್ಯಾಯಿನಿಯ ಹತ್ತಿರ ಹೋಗಿ, ಶನಿವಾರದ ಸ್ಪೆಷಲ್ ಕ್ಲಾಸನ್ನು ವಿಜ್ಞಾನದ ಮೇಷ್ಟ್ರ ಜೊತೆ ಒಂದು ವಾರ ನಾನು, ಒಂದು ವಾರ ಅವರು ಎಂದು ಹಂಚಿಕೊಳ್ಳಲು ಕೇಳಿದರು. ಅದಕ್ಕೆ ಒಪ್ಪಿಗೆ ಸಿಕ್ಕಿತು. ಸಂಜೆಯ ಕ್ಲಾಸ್ ಬಿಡಿಸಿ ಎಂದದ್ದಕ್ಕೆ ಸಿಗಲಿಲ್ಲ. ಪರೀಕ್ಷೆಯ ವರ್ಷ ಅಲ್ವಾ, ಅಂದರಂತೆ.

ಆಮೇಲೆ ಡೈರಿ ತೆರೆದೆವು. "ಇದರಲ್ಲಿ ಯಾವುದು ನಿಮಗೆ ಇಷ್ಟ?" ಎಂದು ಕೇಳಿದೆ. ಯಾವುದು ಒಳ್ಳೆಯದು ಅಂತ ಹೇಳತೊಡಗಿದರು. ಮತ್ತೆ ಕೇಳಿದೆ. ಸುಮ್ಮನಾದರು. ಅರ್ಧ ಪಟ್ಟಿ ರೀಲ್ಸ್ ನೋಡಿ ಮಾಡಿದ್ದು, ಅದರಲ್ಲೇ ರೀಲ್ಸ್ ಬಂದ್ ಅನ್ನೋದೂ ಒಂದು! ಇನ್ನರ್ಧ ಸ್ಟಾಫ್ ರೂಮಿನ ಚಾಲೆಂಜ್. ಹತ್ತು ಸಾವಿರ ಹೆಜ್ಜೆಯ ಕಥೆ ಹೇಳಿದೆ. ಆ ಸಂಖ್ಯೆ ಪ್ರಸಿದ್ಧವಾದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸುವ ಯಂತ್ರದಿಂದ. ಯಂತ್ರದ ಹೆಸರಿನಲ್ಲೇ ಹತ್ತು ಸಾವಿರ ಹೆಜ್ಜೆ ಅಂತಿತ್ತು. 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಸುಮಾರು 4,400 ಹೆಜ್ಜೆ ನಡೆಯುವವರಲ್ಲೇ, 2,700 ನಡೆಯುವವರಿಗಿಂತ ಸಾವಿನ ಪ್ರಮಾಣ ಸಾಕಷ್ಟು ಕಡಿಮೆಯಿತ್ತು. 7,500 ದಾಟಿದ ಮೇಲೆ ಹೆಚ್ಚುವರಿ ಲಾಭ ಕಾಣಲಿಲ್ಲ. ಕ್ಲಾಸಿನಲ್ಲಿ ದಿನವಿಡೀ ಓಡಾಡುವ ಟೀಚರು ಹೆಜ್ಜೆ ಲೆಕ್ಕ ಇಡಬೇಕೇ?

21 ದಿನ ಮಾಡಿದರೆ ಅಭ್ಯಾಸ ಆಗುತ್ತದೆ ಎಂಬ ಮಾತೂ ಅವರ ಡೈರಿಯ ಮೊದಲ ಪುಟದಲ್ಲಿತ್ತು. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು ಗಮನಿಸಿದಾಗ ಒಂದು ಅಭ್ಯಾಸ ತಾನಾಗಿ ನಡೆಯುವಂತಾಗಲು ಹಿಡಿದದ್ದು 18ರಿಂದ 254 ದಿನ. ಜನರಿಂದ ಜನರಿಗೆ ಅಷ್ಟು ವ್ಯತ್ಯಾಸ. ಅದರಲ್ಲಿ ವನಿತಾಗೆ ಬೇಕಿದ್ದ ಇನ್ನೊಂದು ವಿಷಯವಿತ್ತು. ನಡುವೆ ಒಂದು ದಿನ ತಪ್ಪಿದರೂ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಿರಲಿಲ್ಲ. "ಹಾಗಾದ್ರೆ ಸಕ್ಕರೆ ಅಚ್ಚು?" ಅಂದರು. ತಿನ್ನಿ, ಅಂದೆ. ಮೊದಲ ಸಲ ನಕ್ಕರು.

ಅಂಕ ಕೊಡುವವರು ಯಾರೂ ಇಲ್ಲದಿದ್ದಾಗ ಚಿಕ್ಕಂದಿನಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿದ್ದರಿಂದ ದಾರಿ ಸಿಕ್ಕಿತು. ಬೇಸಿಗೆ ರಜೆಯಲ್ಲಿ ಅಜ್ಜಿ ಮನೆಯ ಪಡಸಾಲೆಯಲ್ಲಿ ಚೌಕಾಬಾರ ಆಡುತ್ತಿದ್ದರಂತೆ. ಸೀಮೆಸುಣ್ಣದಲ್ಲಿ ಐದೈದು ಮನೆ, ಬಳೆಚೂರಿನ ಕಾಯಿ, ಕವಡೆ ಇಲ್ಲದಿದ್ದರೆ ಒಂದು ಕಡೆ ತೇಯ್ದ ಹುಣಸೆ ಬೀಜ. ಅಜ್ಜಿ ಮೋಸ ಮಾಡುತ್ತಿದ್ದರು ಎಂದು ಹೇಳುವಾಗ ದನಿಯೇ ಬದಲಾಗಿತ್ತು. ಮನೆಯಲ್ಲಿ ಅತ್ತೆಯ ಹತ್ತಿರ ಕವಡೆ ಇದ್ದವು.

ಹಾಗಾಗಿ ಗುರಿಗಳನ್ನು ಕವಡೆಗೆ ಒಪ್ಪಿಸೋಣ ಎಂದೆ. ನಾಲ್ಕು ಕವಡೆ. ಎಷ್ಟು ಮೇಲ್ಮುಖವಾಗಿ ಬೀಳುತ್ತವೋ ಅಷ್ಟು. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಎಂಟು. ಸಂಜೆ ಟೀ ಆದ ಮೇಲೆ ಒಂದು ಸಲ ಹಾಕುವುದು. ಬಿದ್ದದ್ದನ್ನು ಹತ್ತು ನಿಮಿಷ ಮಾಡುವುದು. ಮನಸ್ಸಿಲ್ಲದಿದ್ದರೆ ಮತ್ತೆ ಹಾಕಬಹುದು. ಬಾಕಿ ಉಳಿಸಿಕೊಂಡು ನಾಳೆಗೆ ಸೇರಿಸುವಂತಿಲ್ಲ. ಬರೆದಿಡುವಂತಿಲ್ಲ. ಐದು ಕೆಲಸ ಅವರೇ ಆರಿಸಿದರು. ಒಂದು ಬಿದ್ದರೆ ಫೋನಿಲ್ಲದೆ ತಾರಸಿ ಮೇಲೆ ಓಡಾಟ. ಎರಡಕ್ಕೆ ಕಥೆ ಪುಸ್ತಕ. ಮೂರಕ್ಕೆ ಏಳು ಚುಕ್ಕಿಯ ರಂಗೋಲಿ. ಚೌಕಕ್ಕೆ ಹಳೇ ಗೆಳತಿಗೆ ಫೋನ್. ಎಂಟಕ್ಕೆ ಏನೂ ಮಾಡದೆ ಸುಮ್ನೆ ಕೂರುವುದು, ಅಂದರೆ ರಜೆ.

ಮುಂದಿನ ಭೇಟಿಗೆ ಬಂದಾಗ ಗಣಿತ ಟೀಚರ್ ದೂರು ತಂದಿದ್ದರು. "ಮೇಡಂ, ಇದರಲ್ಲಿ ಮೋಸ ಇದೆ. ಎರಡು ಬೀಳೋ ಸಾಧ್ಯತೆ ಹದಿನಾರರಲ್ಲಿ ಆರು. ಒಂದು, ಮೂರು ತಲಾ ನಾಲ್ಕು. ಚೌಕ ಮತ್ತು ಎಂಟು ಹದಿನಾರರಲ್ಲಿ ಒಂದೊಂದೇ ಸಲ. ನಾನು ರಜೆಯನ್ನ ಸಿಗದೇ ಇರೋ ಜಾಗದಲ್ಲಿ ಇಟ್ಟುಬಿಟ್ಟಿದ್ದೀನಿ." ನಿಜವಾದ ಕವಡೆ ನಾಣ್ಯದಂತೆ ಸರಿಸಮ ಬೀಳುವುದಿಲ್ಲ, ಆದರೂ ಲೆಕ್ಕ ಸರಿಯೇ. ಏನು ಮಾಡುತ್ತೀರಿ ಎಂದೆ. ಸ್ವಲ್ಪ ಹೊತ್ತು ಯೋಚಿಸಿ ರಜೆಯನ್ನು ಎರಡಕ್ಕೆ ತಂದರು, ಪುಸ್ತಕವನ್ನು ಎಂಟಕ್ಕೆ ಕಳಿಸಿದರು. ಈ ಪ್ರಕರಣದಲ್ಲಿ ನಾನು ತುಂಬ ಮುಖ್ಯ ಅಂದುಕೊಂಡಿರುವುದು ಈ ಅದಲುಬದಲನ್ನೇ. ನಾನು ಹೇಳಿ ಮಾಡಿಸಿದ್ದರೆ ಅದಕ್ಕೆ ಆ ಬೆಲೆ ಇರುತ್ತಿರಲಿಲ್ಲ.

ಎಲ್ಲ ಸುಗಮವಾಗಿ ಹೋಗಲಿಲ್ಲ. ಫೆಬ್ರವರಿ ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತಿಗೆ ಆಟ ಬೇಜಾರು ಬಂತು ಎಂದರು. ವಿಚಾರಿಸಿದರೆ, ಯಾವ ದಿನ ಏನು ಬಿತ್ತು, ಮಾಡಿದೆನೋ ಇಲ್ಲವೋ ಎಂದು ಮತ್ತೆ ಡೈರಿಯಲ್ಲಿ ಬರೆಯುತ್ತಿದ್ದರು. ಮಗ ಅಮ್ಮನಿಗೆ ಪಾಯಿಂಟ್ಸ್ ಕೊಡುತ್ತಿದ್ದ. ನೂರಾದರೆ ಐಸ್‌ಕ್ರೀಂ. ಆಗ ಅವರಿಗೆ 1973ರಲ್ಲಿ ಪ್ರಕಟವಾದ ಒಂದು ಪ್ರಯೋಗದ ವಿಷಯ ಹೇಳಿದೆ. ಅಮೆರಿಕದ ಒಂದು ನರ್ಸರಿ ಶಾಲೆಯಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬಿಡಿಸುವುದೆಂದರೆ ಪ್ರಾಣವೆನ್ನುವ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ, ಚಿತ್ರ ಬಿಡಿಸಿದರೆ ಚಿನ್ನದ ನಕ್ಷತ್ರ, ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಕೊಟ್ಟರು ಕೂಡ. ಆಮೇಲೆ ಬಿಡುವಿನ ಹೊತ್ತಿನಲ್ಲಿ ಆ ಮಕ್ಕಳು ಚಿತ್ರ ಬಿಡಿಸುವುದು ಉಳಿದವರ ಅರ್ಧದಷ್ಟಕ್ಕೆ ಇಳಿದಿತ್ತು. ಮೊದಲೇ ಹೇಳದೆ ಕೊಟ್ಟ ಬಹುಮಾನ ಪಡೆದ ಮಕ್ಕಳಲ್ಲಿ ಹಾಗಾಗಲಿಲ್ಲ. ಎಲ್ಲ ಬಹುಮಾನವೂ ಕೆಟ್ಟದ್ದಲ್ಲ. ಬೇಸರದ ಕೆಲಸ ಮಾಡಿಸಲು ಪಾಯಿಂಟ್ಸ್ ನಡೆಯುತ್ತದೆ. ಆದರೆ ಇಷ್ಟಪಟ್ಟು ಮಾಡುವುದಕ್ಕೆ ಕೂಲಿ ಗೊತ್ತುಮಾಡಿದರೆ ಮನಸ್ಸು ಕೂಲಿಯ ಕಡೆ ತಿರುಗುತ್ತದೆ. "ನಮ್ಮ ಮಕ್ಕಳಿಗೆ ಗಣಿತ ಯಾಕೆ ಬೇಡ ಆಗುತ್ತೆ ಅಂತ ಈಗ ಗೊತ್ತಾಯ್ತು" ಎಂದರು ವನಿತಾ. ಅದು ಬೇರೆಯೇ ಚರ್ಚೆ, ಅವತ್ತಿನ ಅರ್ಧ ಗಂಟೆ ಅದಕ್ಕೇ ಹೋಯಿತು. ಐಸ್‌ಕ್ರೀಂ ಮಾತ್ರ ಅವತ್ತೇ ತಿನ್ನಲು ಹೇಳಿದೆ, ಪಾಯಿಂಟ್ಸ್ ಇಲ್ಲದೆ.

ಇದೇ ಸ್ಥಿತಿಯಲ್ಲಿರುವವರಿಗೆ ನಾನು ಹೇಳುವ ಇನ್ನೊಂದು ಮಾತು ತಾರೀಕಿನ ಬಗ್ಗೆ. ಹೊಸ ವರ್ಷ, ಹುಟ್ಟುಹಬ್ಬ, ತಿಂಗಳ ಮೊದಲ ದಿನ ಇಂಥ ಹೊತ್ತಿನಲ್ಲಿ ಏನಾದರೂ ಶುರುಮಾಡುವ ಹುರುಪು ಹೆಚ್ಚು ಎನ್ನುವುದು ನಿಜ, ಸಂಶೋಧಕರೂ ಗುರುತಿಸಿದ್ದಾರೆ. ಆದರೆ ಜನವರಿ 1ಕ್ಕೆ ಯಾವ ವಿಶೇಷ ಶಕ್ತಿಯೂ ಇಲ್ಲ. ಹತ್ತನೇ ಕ್ಲಾಸಿನ ಟೀಚರಿಗೆ ಜನವರಿಯಿಂದ ಮಾರ್ಚ್ ವರ್ಷದಲ್ಲೇ ಭಾರವಾದ ತಿಂಗಳುಗಳು. ಲೆಕ್ಕಪತ್ರದ ಕೆಲಸದವರಿಗೆ ಮಾರ್ಚ್. ನಿಮ್ಮ ಕೆಲಸ ಹಗುರವಾಗುವ ತಿಂಗಳು ಯಾವುದೋ ಅದೇ ನಿಮ್ಮ ಹೊಸ ವರ್ಷ ಎಂದುಕೊಂಡರೆ ಯಾರೂ ದಂಡ ಹಾಕುವುದಿಲ್ಲ. ವನಿತಾ ದೊಡ್ಡ ಗುರಿ ಏನಿದ್ದರೂ ಪರೀಕ್ಷೆ ಮುಗಿದ ಮೇಲೆ ಎಂದು ಮುಂದಕ್ಕೆ ಹಾಕಿದರು. ಹನ್ನೊಂದರಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡರು, ಓದು ಮತ್ತು ನೀರು. ಐದಕ್ಕೆ ಏಳುವುದನ್ನು ಕೈಬಿಟ್ಟರು. ಮಗನಿಗೆ ಗಣಿತ ಬಿಟ್ಟು ಉಳಿದ ಪಾಠ ಹೇಳಿಕೊಡುವುದು ಗಂಡನ ಪಾಲಿಗೆ ಹೋಯಿತು. ಇದಕ್ಕೆ ಗಂಡನನ್ನು ಒಂದು ಸಲ ಕರೆಸಿ ಮಾತಾಡಬೇಕಾಯಿತು.

ಏಪ್ರಿಲ್ ಕೊನೆಯಲ್ಲಿ ಬಂದಾಗ ಹಿಮೋಗ್ಲೋಬಿನ್ 11.4 ಆಗಿತ್ತು. ನಿದ್ದೆ ಪರವಾಗಿಲ್ಲ. ಕವಡೆ ಈಗ ದಿನಾ ಬೀಳುವುದಿಲ್ಲ. ಅತ್ತೆ, ಮೊಮ್ಮಗ ಸೇರಿ ಅವನ್ನು ನಿಜವಾದ ಚೌಕಾಬಾರಕ್ಕೆ ತೆಗೆದುಕೊಂಡಿದ್ದಾರೆ, ವನಿತಾ ನಡುನಡುವೆ ಒಂದಾಟಕ್ಕೆ ಕೂರುತ್ತಾರೆ. ಶಾಲೆಯ ಕೆಲಸದ ಭಾರ ಮಾತ್ರ ಹಾಗೇ ಇದೆ. ಜೂನ್‌ನಲ್ಲಿ ಶಾಲೆ ಶುರುವಾಗುವ ಮುಂಚೆ, ಎರಡು ಸೆಕ್ಷನ್ ಬದಲು ಒಂದಕ್ಕೆ ಮಾತ್ರ ಕ್ಲಾಸ್ ಟೀಚರ್ ಮಾಡಿ ಎಂದು ಪತ್ರ ಬರೆದುಕೊಡುವುದು ಅಂತ ತೀರ್ಮಾನಿಸಿದ್ದೇವೆ. ಪತ್ರದ ಕರಡನ್ನು ಇಲ್ಲೇ ಕೂತು ಬರೆದರು. ಒಪ್ಪದಿದ್ದರೆ ಬೇರೆ ಶಾಲೆ ನೋಡುವ ಮಾತನ್ನೂ ಆಡಿದ್ದಾರೆ. ಭಾನುವಾರದ ಹೊಟ್ಟೆನೋವು ಎರಡು ವಾರ ಬಿಡದೆ ಬಂದರೆ ಮುಂದಿನ ಜನವರಿವರೆಗೆ ಕಾಯದೆ ಬರಲು ಹೇಳಿದ್ದೇನೆ.