ಅಪ್ಪನಿಗೆ ಬಾರದ ಅಳು ನಾಟಕದವನಿಗೆ ಬಂತು

ಪ್ರಶ್ನೆ: ನನಗೆ 36 ವರ್ಷ. ಇಳಕಲ್ಲಿನಲ್ಲಿ ಅವ್ವ ಮತ್ತು ತಮ್ಮನ ಜೊತೆ ಇದ್ದೇನೆ. ಸೀರೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನಾಟಕದ ಹಾಸ್ಯನಟ ರಾಜು ತಾಳಿಕೋಟಿ ತೀರಿಕೊಂಡ ಸುದ್ದಿ ಮೊಬೈಲಿಗೆ ಬಂದಾಗ ಗಿರಾಕಿಗಳ ಮುಂದೆಯೇ ಅತ್ತುಬಿಟ್ಟೆ. ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಈಗಲೂ ರಾತ್ರಿ ಅವರ ‘ಕಲಿಯುಗದ ಕುಡುಕ’ ನಾಟಕದ ತುಣುಕು ಹಚ್ಚಿಕೊಂಡು ನಗುತ್ತೇನೆ, ನಗುತ್ತಲೇ ಅಳು ಬರುತ್ತದೆ.

ನಮ್ಮಪ್ಪ ಮಗ್ಗದ ಕೆಲಸ ಮಾಡುತ್ತಿದ್ದ. ಬಹಳ ಕುಡಿಯುತ್ತಿದ್ದ. ಆರು ವರ್ಷದ ಹಿಂದೆ ಅದರಿಂದಲೇ ಹೋದ. ಅವತ್ತು ನನಗೆ ಒಂದು ಹನಿ ಕಣ್ಣೀರು ಬರಲಿಲ್ಲ. ಸುಳ್ಳು ಯಾಕೆ ಹೇಳಲಿ, ಮಣ್ಣು ಮಾಡಿ ಬಂದ ರಾತ್ರಿ ಗಡದ್ದಾಗಿ ನಿದ್ದೆ ಬಂತು. ನಾವು ಸಣ್ಣವರಿದ್ದಾಗ ಆ ನಾಟಕದ ಕ್ಯಾಸೆಟ್ಟು ಮನೆಯಲ್ಲಿತ್ತು. ಅಪ್ಪನೇ ತಂದಿದ್ದ. ಅದು ಹತ್ತಿದ ರಾತ್ರಿ ಅಪ್ಪ ಯಾರ ಮೇಲೂ ಕೈ ಎತ್ತುತ್ತಿರಲಿಲ್ಲ. ನಾನೂ ತಮ್ಮನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ‘ಯಾಕ ನಗ್ತೀರಲೇ? ನಿಮ್ಮಪ್ಪನ್ನ ಟೇಪಿನ್ಯಾಗ ಹಾಕ್ಯಾರೇನು?’ ಅಂತ ಅಪ್ಪನೂ ನಗುತ್ತಿದ್ದ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು.

ಈಗ ತಮ್ಮ, ‘ಹಡೆದ ಅಪ್ಪಗ ಅಳಲಿಲ್ಲ, ನಾಟಕದಾಂವಗ ಉಪವಾಸ ಬಿದ್ದಿ’ ಅಂದ. ಅಂದಿನಿಂದ ನಮ್ಮಿಬ್ಬರ ಮಾತು ಕಡಿಮೆ. ಮೊಬೈಲಿನಲ್ಲಿ ಆ ದನಿ ಬಂದರೆ ಅವ್ವ ಏನೂ ಅನ್ನುವುದಿಲ್ಲ, ಸುಮ್ನೆ ಎದ್ದು ಅಡುಗೆಮನೆಗೆ ಹೋಗುತ್ತಾಳೆ. ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋಗಿ ನಾಟಕ ನೋಡಬೇಕು ಅನ್ನಿಸುತ್ತಿದೆ. ಹೋಗಲೇ? ನನ್ನ ತಲೆ ಸರಿ ಇದೆಯೇ?
— ಹೆಸರು ಬೇಡ, ಇಳಕಲ್

ಉತ್ತರ: ತಲೆ ಸರಿ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನಕ್ಕೆ ಓದಿ.

2025ರ ಅಕ್ಟೋಬರ್ 13ರ ಸಂಜೆ ನಾನು ಬೆಳಗಾವಿಯ ಒಂದು ಚಹಾದ ಅಂಗಡಿ ಮುಂದೆ ನಿಂತಿದ್ದೆ. ಸಿನಿಮಾ ಶೂಟಿಂಗಿಗೆಂದು ಉಡುಪಿ ಕಡೆ ಹೋಗಿದ್ದ ಮನುಷ್ಯ ಹೃದಯಾಘಾತವಾಗಿ ಮಣಿಪಾಲದಲ್ಲಿ ತೀರಿಕೊಂಡರು ಅಂತ ಯಾರೋ ಓದಿ ಹೇಳಿದರು. ಅಂಗಡಿಯವನು ಸಕ್ಕರೆ ಡಬ್ಬಿಗೆ ಮೊಬೈಲು ಆನಿಸಿ ಒಂದು ತುಣುಕು ಹಚ್ಚಿದ. ಐದಾರು ಜನ ಕಪ್ಪು ಹಿಡಿದುಕೊಂಡು ಕೇಳಿದೆವು. ಒಬ್ಬರೂ ‘ಅಯ್ಯೋ ಪಾಪ’ ಅನ್ನಲಿಲ್ಲ. ಎಲ್ಲರೂ ನಕ್ಕರು. ತುಣುಕು ಮುಗಿಯಿತು. ಆಮೇಲೆ ಯಾರಿಗೂ ಎಲ್ಲಿ ನೋಡಬೇಕು ಅಂತ ತಿಳಿಯಲಿಲ್ಲ. ಚಹಾ ತಣ್ಣಗಾಗಿತ್ತು, ಹಾಗೇ ಕುಡಿದೆವು.

ಆದ್ದರಿಂದ ಅಂಗಡಿಯಲ್ಲಿ ಅತ್ತಿದ್ದಕ್ಕೆ ನೀವು ನಾಚಬೇಕಿಲ್ಲ. ತಾಳಿಕೋಟಿ ಅಂದರೆ ಶಾಲೆ ಪುಸ್ತಕದಲ್ಲಿ 1565ರ ಯುದ್ಧ. ನಮ್ಮ ಕಡೆ ಆ ಹೆಸರು ಕಿವಿಗೆ ಬಿದ್ದ ತಕ್ಷಣ ನಗು ಬರುವಂತೆ ಮಾಡಿದ್ದು ಈ ಒಬ್ಬ ಮನುಷ್ಯ. ಸಿನಿಮಾ, 2019ರ ಬಿಗ್ ಬಾಸ್, ಧಾರವಾಡ ರಂಗಾಯಣದ ನಿರ್ದೇಶಕನ ಕುರ್ಚಿ ಎಲ್ಲ ಆಮೇಲಿನವು. ಅದಕ್ಕಿಂತ ಮೊದಲೇ ಅವರು ಕ್ಯಾಸೆಟ್ಟಿನಲ್ಲಿ ನಮ್ಮ ಮನೆಗಳ ಒಳಗೆ ಬಂದು ಕೂತಿದ್ದರು. ಎದುರಿಗೆ ಕಾಣದಿದ್ದರೂ ದಿನಾ ದನಿ ಕೇಳಿ ನಮ್ಮವರಾಗಿಬಿಡುವ ಇಂಥ ನಂಟಿನ ಬಗ್ಗೆ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ವಿದ್ವಾಂಸರು 1956ರಷ್ಟು ಹಿಂದೆಯೇ ಬರೆದಿದ್ದಾರೆ. ಆಗ ರೇಡಿಯೋ, ಟಿ.ವಿ. ನೋಡಿ ಬರೆದದ್ದು. ನಮ್ಮ ಟೇಪ್ ರೆಕಾರ್ಡರು ನೋಡಿದ್ದರೆ ಇನ್ನೂ ಎರಡು ಪುಟ ಜಾಸ್ತಿ ಬರೆಯುತ್ತಿದ್ದರೇನೋ.

ನಮ್ಮವರಿಗೆ ಇದು ಹೊಸತೂ ಅಲ್ಲ. ಜೋಕುಮಾರನನ್ನು ನೆನಪು ಮಾಡಿಕೊಳ್ಳಿ. ಗಣಪತಿ ಹಬ್ಬದ ಹಿಂದೆಯೇ ಮಣ್ಣಿನ ಮೂರ್ತಿಯಾಗಿ ಬುಟ್ಟಿಯಲ್ಲಿ ಕೂತು, ಬೇವಿನ ಸೊಪ್ಪಿನ ನಡುವೆ, ಬಾಯಿಗೆ ಬೆಣ್ಣೆ ಒರೆಸಿಕೊಂಡು ಮನೆಮನೆಗೆ ಬರುತ್ತಾನೆ. ಅವನ ಹಾಡಿನಲ್ಲಿ ಪೋಲಿ ಮಾತು ಎಷ್ಟಿರುತ್ತವೆ! ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಾರೆ. ಹುಣ್ಣಿಮೆ ರಾತ್ರಿ ಅವನನ್ನು ಕೊಂದು ಅಗಸರ ಬಂಡೆ ಕೆಳಗೆ ಬಿಟ್ಟು ಬರುತ್ತಾರೆ. ಆಮೇಲೆ ಮೂರು ದಿನ ಅಗಸರು ಆ ಕಡೆ ಬಟ್ಟೆ ಒಗೆಯಲು ಹೋಗುವುದಿಲ್ಲ, ಅಲ್ಲಿ ಅಳುವ ದನಿ ಕೇಳುತ್ತದೆ ಅಂತ. ನಗಿಸಿದವನಿಗೆ ಮೂರು ದಿನದ ಸೂತಕ. ನೀವು ಊಟ ಬಿಟ್ಟಿದ್ದೂ ಮೂರೇ ದಿನ ಅಲ್ವಾ? ಮೊಹರಂನಲ್ಲಿ ಕರ್ಬಲಾದ ಕಾಳಗದಲ್ಲಿ ಮಡಿದವರ ಶೋಕದ ರಿವಾಯತ ಪದ ಹಾಡುವವರನ್ನು ನೋಡಿ. ಕರ್ಬಲಾ ಎಲ್ಲಿದೆ ಅಂತ ಗೊತ್ತಿಲ್ಲದವರೂ ಗಂಟಲು ಕಟ್ಟುವ ತನಕ ಹಾಡುತ್ತಾರೆ. ‘ನಿನಗ ಅವರು ಏನಾಗಬೇಕು?’ ಅಂತ ಅವರನ್ನು ಯಾರಾದರೂ ಕೇಳಿದ್ದುಂಟೇ?

ಇಲ್ಲಿ ಒಂದು ತಪ್ಪೊಪ್ಪಿಗೆ. ನಿಮ್ಮ ಪತ್ರಕ್ಕೆ ಮೊದಲು ಬರೆದ ಉತ್ತರವನ್ನು ಹರಿದು ಹಾಕಿದೆ. ಅದರಲ್ಲಿ, ‘ನೀವು ನಿಜವಾಗಿ ಅಳುತ್ತಿರುವುದು ನಟನಿಗಲ್ಲ, ನಿಮ್ಮ ಅಪ್ಪನಿಗೆ’ ಅಂತ ಬರೆದಿದ್ದೆ. ನಮ್ಮಂಥ ಅಂಕಣದವರಿಗೆ ಇದೊಂದು ಚಟ. ಯಾರು ಯಾಕೆ ಅತ್ತರೂ ಹಿಂದೆ ಒಬ್ಬ ಅಪ್ಪನನ್ನೋ ಅವ್ವನನ್ನೋ ಹುಡುಕಿ ತರುತ್ತೇವೆ. ಓದಲು ಚೆನ್ನಾಗಿರುತ್ತದೆ. ಆದರೆ ನಿಮ್ಮ ಪತ್ರವನ್ನು ಮತ್ತೆ ಓದಿದಾಗ ಅದು ಸುಳ್ಳು ಅನ್ನಿಸಿತು. ನೀವು ಅತ್ತಿದ್ದು ಆ ನಟನಿಗೇ. ಅದು ಅವರ ಪಾಲಿನ ಅಳು. ಅದನ್ನು ಕಿತ್ತು ಅಪ್ಪನ ಖಾತೆಗೆ ಜಮಾ ಮಾಡಬೇಡಿ. ಲೆಕ್ಕ ಬರೆಯುವವರು, ಇದು ನಿಮಗೆ ಬೇಗ ತಿಳಿಯುತ್ತದೆ.

ಯಾಕೆಂದರೆ ಆ ಮನುಷ್ಯ ನಿಮಗೆ ಕೊಟ್ಟದ್ದು ಸಣ್ಣದಲ್ಲ. ಕುಡುಕನ ಪಾರ್ಟು ಮಾಡುವ ನಟ ಬರೀ ತೂರಾಡಿದರೆ ಜನ ಒಂದು ಸಲ ನಗುತ್ತಾರೆ, ಅಷ್ಟೇ. ಕುಡಿದವನು ನೆಟ್ಟಗೆ ನಿಲ್ಲಲು ಹೆಣಗಬೇಕು, ‘ನಾ ಕುಡದಿಲ್ಲ’ ಅಂತ ಮರ್ಯಾದಸ್ಥನ ಹಾಗೆ ಧೋತರ ಸರಿಮಾಡಿಕೊಳ್ಳಬೇಕು. ಆಗ ಟೆಂಟು ಬಿದ್ದುಬಿದ್ದು ನಗುತ್ತದೆ. ಕುಡುಕರ ಮನೆಯ ಮಕ್ಕಳಿಗೆ ಈ ಹೆಣಗಾಟ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ದಿನಾ ರಾತ್ರಿ ನೋಡಿರುತ್ತಾರೆ. ನಗುವ ಹಾಗಿಲ್ಲ, ನಕ್ಕರೆ ಏಟು. ಆ ಕ್ಯಾಸೆಟ್ಟು ಹತ್ತಿದಾಗ ಮಾತ್ರ ಅಪ್ಪನ ಎದುರೇ ಅಪ್ಪನಂಥವನನ್ನು ನೋಡಿ ನಗಬಹುದಿತ್ತು. ಅಪ್ಪನೂ ನಗುತ್ತಿದ್ದ. ಟೇಪಿನ ಒಂದು ಮಗ್ಗಲು ಮುಗಿಯುವ ತನಕ ನಿಮ್ಮ ಮನೆಯಲ್ಲಿ ಯಾರಿಗೂ ಯಾರ ಹೆದರಿಕೆಯೂ ಇರಲಿಲ್ಲ. ಅದನ್ನು ಕೊಟ್ಟವನು ಸತ್ತರೆ ಅಳದೆ ಇನ್ನೇನು ಮಾಡುತ್ತೀರಿ?

ಈಗ ಅಪ್ಪ ಸತ್ತ ರಾತ್ರಿಯ ನಿದ್ದೆ. ಇದನ್ನು ಬರೆಯಲು ನಿಮಗೆ ಎಷ್ಟು ಕಷ್ಟವಾಗಿರಬೇಕು ಅಂತ ಗೊತ್ತು. ಆ ಸಾಲನ್ನು ಹೊಡೆದುಹಾಕಿ ಮತ್ತೆ ಬರೆದಿದ್ದೀರಿ. ಕುಡಿಯುವವರ ಮನೆಯಲ್ಲಿ ಬೆಳೆದವರು ಕಿವಿ ತೆರೆದುಕೊಂಡೇ ಮಲಗುತ್ತಾರೆ. ಓಣಿಯ ತುದಿಯಲ್ಲಿ ಚಪ್ಪಲಿ ಸಪ್ಪಳ ಕೇಳಿದರೆ ಸಾಕು, ಇವತ್ತು ಎಷ್ಟು ಕುಡಿದಿದ್ದಾನೆ ಅಂತ ಅಂದಾಜು ಹಾಕುತ್ತಾರೆ. ಚಿಲಕದ ಸದ್ದಿಗೆ ಎದೆ ಡವಡವ. ಇಪ್ಪತ್ತೈದು ಮೂವತ್ತು ವರ್ಷ ಹಾಗೆ ಮಲಗಿದವರಿಗೆ ಇನ್ನು ಚಿಲಕ ಸದ್ದು ಮಾಡುವುದಿಲ್ಲ ಅಂತ ಗೊತ್ತಾದ ರಾತ್ರಿ ನಿದ್ದೆ ಬರುತ್ತದೆ. ಮೈ ದಣಿದಿತ್ತು, ಮಲಗಿತು. ಇದರಲ್ಲಿ ಪಾಪದ ಮಾತೇ ಇಲ್ಲ. ಅಪ್ಪನಿಗೆ ಮುಂದೆ ಎಂದಾದರೂ ಅಳು ಬರಬಹುದು, ಬಾರದೆಯೂ ಇರಬಹುದು. ಎರಡೂ ಆಗುತ್ತವೆ.

ತಮ್ಮನ ಮಾತಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಹಾಗಂತ ತಳ್ಳಿಯೂ ಹಾಕಬೇಡಿ. ಆ ಕ್ಯಾಸೆಟ್ಟಿಗೆ ಅವನೂ ನಕ್ಕವನೇ. ಅಪ್ಪನ ಹೆಣಕ್ಕೆ ಹೆಗಲು ಕೊಟ್ಟವನೂ ಅವನೇ ಇರಬೇಕು. ಅವತ್ತು ಪಕ್ಕದಲ್ಲಿ ಅಕ್ಕ ಅತ್ತಿದ್ದರೆ ಅವನಿಗೂ ಅಳಲು ಒಂದು ದಾರಿ ಸಿಗುತ್ತಿತ್ತೇನೋ. ಇದು ನನ್ನ ಊಹೆ, ತಪ್ಪೂ ಇರಬಹುದು. ವಾದ ಮಾತ್ರ ಮಾಡಬೇಡಿ. ‘ನಿನಗ ಆ ಕ್ಯಾಸೆಟ್ಟಿನ್ಯಾಗ ಯಾವ ಮಾತು ನೆನಪೈತಿ?’ ಅಂತ ಒಮ್ಮೆ ಕೇಳಿ ನೋಡಿ. ಹೇಳಿದರೆ ಹೇಳಲಿ, ಎದ್ದು ಹೋದರೆ ಹೋಗಲಿ.

ನನ್ನನ್ನು ಕಾಡುತ್ತಿರುವುದು ನಿಮ್ಮ ಅವ್ವ. ಪತ್ರದಲ್ಲಿ ನಿಮ್ಮವ್ವ ಎಲ್ಲೆಲ್ಲಿ ಬರುತ್ತಾರೆ ನೋಡಿ. ಆಗ ನೀವು ಮೂರೂ ಜನ ನಗುತ್ತಿದ್ದಿರಿ, ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಈಗ ಮೊಬೈಲು ಮಾತಾಡುತ್ತದೆ, ಅವ್ವ ಎದ್ದು ಮತ್ತೆ ಅಲ್ಲಿಗೇ ಹೋಗುತ್ತಾರೆ. ಅವ್ವ ನಕ್ಕಿದ್ದು ಒಂದು ಸಾಲಿನಲ್ಲೂ ಇಲ್ಲ. ನೀವು ಬರೆಯಲು ಮರೆತಿದ್ದೀರೋ, ಅವರು ನಗಲೇ ಇಲ್ಲವೋ? ಒಂದೇ ಕ್ಯಾಸೆಟ್ಟು ಗೋಡೆಯ ಈಚೆ ಒಂದು, ಆಚೆ ಒಂದು ಕೇಳಿರಬಹುದು. ನಿಮಗೆ ಅದು ಬಿಡುವು. ಅವ್ವನಿಗೆ, ಟೇಪು ನಿಂತ ಮೇಲೆ ಬರುವ ರಾತ್ರಿ. ಅಥವಾ ಅವರೂ ರೊಟ್ಟಿ ಬಡಿಯುತ್ತಾ ಅಲ್ಲೇ ನಗುತ್ತಿದ್ದರೋ ಏನೋ, ನಿಮಗೆ ಕಾಣಲಿಲ್ಲ ಅಷ್ಟೇ. ಕೇಳದೆ ಗೊತ್ತಾಗುವುದಿಲ್ಲ. ನಿಮ್ಮ ಅಳುವಿನ ಕಾರಣ ಅವ್ವನಿಗೆ ವಿವರಿಸಲು ಹೋಗಬೇಡಿ. ‘ಆಗ ಒಳಗ ಕುಂತು ನಿನಗ ಏನ್ ಅನಸ್ತಿತ್ತವ್ವ?’ ಅಂತ ಕೇಳಿ, ಸುಮ್ಮನಿರಿ. ಅಲ್ಲಿಯ ತನಕ ಕಿವಿಗೆ ಇಯರ್‌ಫೋನು ಹಾಕಿಕೊಳ್ಳಿ. ಆ ನಟನಿಗೆ ಇದರಿಂದ ಯಾವ ಅವಮಾನವೂ ಇಲ್ಲ.

ದಿನಾ ರಾತ್ರಿಯ ಅಳುವಿನ ಬಗ್ಗೆ ಎರಡು ಮಾತು. ತುಣುಕು ನೋಡಿ ಅತ್ತು ಮಲಗುತ್ತೀರಿ, ಬೆಳಗ್ಗೆ ಎದ್ದು ಅಂಗಡಿಗೆ ಹೋಗುತ್ತೀರಿ ಅಂದರೆ ಚಿಂತೆ ಇಲ್ಲ. ನಿದ್ದೆ ಹಾರುತ್ತಿದ್ದರೆ, ಊಟ ಸೇರದಿದ್ದರೆ, ಲೆಕ್ಕದಲ್ಲಿ ತಪ್ಪು ಬೀಳುತ್ತಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನು ಮಾಡಿ. ಸರ್ಕಾರದ್ದು, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಕುಡಿಯುವವರ ಮನೆಯವರಿಗೆಂದೇ ಅಲ್-ಅನಾನ್ ಎಂಬ ಗುಂಪುಗಳೂ ಇವೆ. ಕುಡಿದವನು ಸತ್ತ ಮೇಲೂ ಅಲ್ಲಿಗೆ ಹೋಗಿ ಕೂರಬಹುದು. ಮನೆಯವರಿಗೆ ಅದು ಅಷ್ಟು ಬೇಗ ಮುಗಿಯುವುದಿಲ್ಲ.

ಹಾಂ, ಆ ಕ್ಯಾಸೆಟ್ಟು ಇನ್ನೂ ಮನೆಯಲ್ಲಿದ್ದರೆ ಯಾರಿಗೂ ಎಸೆಯಲು ಬಿಡಬೇಡಿ. ಸಿಕ್ಕ ಟೇಪ್ ರೆಕಾರ್ಡರಿಗೆ ತುರುಕಲೂ ಬೇಡಿ, ಹಳೇ ಟೇಪು ಸುತ್ತಿಕೊಂಡು ತುಂಡಾಗುತ್ತದೆ. ಮೊದಲು ಪೆನ್ಸಿಲು ಹಾಕಿ ಕೈಯಿಂದಲೇ ನಿಧಾನ ತಿರುಗಿಸಿ ನೋಡಿ.

ಜಾತ್ರೆಗೆ ಹೋಗಿ. ಖಂಡಿತ ಹೋಗಿ. ಬನಶಂಕರಿ ಗುಡಿ ಇರುವ ಚೊಳಚಗುಡ್ಡದ ಆ ಬಯಲಿನಲ್ಲಿ ಸಾಲಾಗಿ ಟೆಂಟು ಹಾಕಿರುತ್ತಾರೆ. ಮೈಕುಗಳು ಒಂದರ ಮೇಲೊಂದು ಕೂಗುತ್ತಿರುತ್ತವೆ. ಟಿಕೆಟ್ ಕಿಟಕಿಯಲ್ಲಿ ಜನ ನಾಯಕ ಯಾರು ಅಂತ ಕೇಳುವುದು ಕಡಿಮೆ, ಕಾಮಿಡಿ ಯಾರದು ಅಂತಲೇ ಕೇಳುವುದು. ಈ ಸಲ ಬೇರೆ ಯಾರೋ ಆ ಕುಡುಕನಾಗಿ ನಿಂತಿರಬಹುದು. ಅವರಿಗೂ ಒಂದು ಒನ್ಸ್ ಮೋರ್ ಕೊಡಿ. ಹುಣ್ಣಿಮೆ ದಿನವೇ ಹೋಗಬೇಡಿ, ತೇರಿನ ಗದ್ದಲದಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಒಂದು ವಾರ ಬಿಟ್ಟು ಹೋಗಿ, ನಾಟಕಗಳು ಆಗಲೂ ನಡೆಯುತ್ತಿರುತ್ತವೆ. ಅವ್ವನನ್ನು ಕರೆಯಿರಿ, ಬಲವಂತ ಬೇಡ. ಬಂದರೆ ಮೊದಲು ಗುಡಿಯ ಹೊಂಡದ ಕಡೆ ಕೂತು ರೊಟ್ಟಿ, ಕೆಂಪು ಚಟ್ನಿ ಕೊಂಡು ತಿನ್ನಿ. ಅವ್ವ ಒಂದು ಹೊತ್ತಾದರೂ ಬೇರೆಯವರು ಬಡಿದ ರೊಟ್ಟಿ ತಿನ್ನಲಿ. ಆಮೇಲೆ ಎರಡು ಟಿಕೆಟ್ ತೆಗೆಸಿ, ತುದಿಯ ಕುರ್ಚಿ ಹಿಡಿಯಿರಿ. ಕುಡುಕ ಸ್ಟೇಜಿಗೆ ಬಂದಾಗ ಅವ್ವ ಎದ್ದರೆ, ಈ ಸಲ ನೀವೂ ಜೊತೆಗೆ ಎದ್ದು ಬನ್ನಿ.