ರಿಪೋರ್ಟಿನಲ್ಲಿ ‘ಗ್ರೂಪ್ ಎ’, ಮಗಳ ರಕ್ತ ‘ಬಿ’

ಆಟಿಯ ಮಳೆ ಹಿಡಿಯಿತೆಂದರೆ ಈ ಅಂಕಣಕ್ಕೆ ಗಂಟಲಿನ ಪತ್ರಗಳೇ ಹೆಚ್ಚು. ಮಂಗಳೂರಿನ ಲ್ಯಾಬಿನಲ್ಲಿ 31 ವರ್ಷ ಬ್ಲಡ್ ಅಗರ್ ಪ್ಲೇಟುಗಳನ್ನು, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ರಕ್ತ ಬೆರೆಸಿದ ತಟ್ಟೆಗಳನ್ನು, ಬೆಳಕಿಗೆ ಹಿಡಿದು ನೋಡಿದವಳು ನಾನು. ನಿವೃತ್ತಳಾಗಿ ಉಡುಪಿಯ ಮನೆಗೆ ಬಂದ ಮೇಲೂ ಯಾರಾದರೂ ‘ಗಂಟಲು ನೋವು’ ಎಂದರೆ ಮೊದಲು ಬಾಯಿಗೆ ಬರುವ ಪ್ರಶ್ನೆ ಒಂದೇ: ಮಾತ್ರೆ ಶುರು ಮಾಡುವ ಮುಂಚೆ ಸ್ವ್ಯಾಬ್ ತೆಗೆದಿದ್ದಾರಾ? ಈ ಸಲ ಆರು ಪತ್ರಗಳಿಗೆ ಉತ್ತರಿಸುತ್ತಿದ್ದೇನೆ.

ನನ್ನ 9 ವರ್ಷದ ಮಗಳಿಗೆ ಜ್ವರ, ಗಂಟಲು ನೋವು ಬಂದಿತ್ತು. ರಿಪೋರ್ಟಿನಲ್ಲಿ ‘ಬೀಟಾ ಹೀಮೋಲಿಟಿಕ್ ಸ್ಟ್ರೆಪ್ಟೋಕಾಕಸ್, ಗ್ರೂಪ್ ಎ’ ಎಂದಿದೆ. ಅವಳ ರಕ್ತದ ಗುಂಪು ಬಿ ಪಾಸಿಟಿವ್. ಬೇರೆ ಮಗುವಿನ ರಿಪೋರ್ಟ್ ನಮಗೆ ಬಂದಿರಬಹುದೇ? ಮೂರೇ ದಿನಕ್ಕೆ ಜ್ವರ ಬಿಟ್ಟಿದೆ, ಮಾತ್ರೆ ನಿಲ್ಲಿಸಬಹುದೇ?
— ಒಬ್ಬ ತಾಯಿ, ಕಾರ್ಕಳ

ರಿಪೋರ್ಟ್ ನಿಮ್ಮ ಮಗಳದ್ದೇ ಅಮ್ಮಾ. ಆ ‘ಎ’ ಅವಳ ರಕ್ತದ ಗುಂಪಲ್ಲ, ಅವಳ ಗಂಟಲಿನಲ್ಲಿ ಕೂತಿದ್ದ ಬ್ಯಾಕ್ಟೀರಿಯಾದ ಗುಂಪು. ನಿಮಗೆ ಬಂದ ಸಂಶಯ ಎಷ್ಟೋ ಜನರಿಗೆ ಬಂದದ್ದುಂಟು, ಕೇಳಿದ್ದು ಒಳ್ಳೆಯದೇ ಆಯಿತು.

ಲ್ಯಾಬಿನಲ್ಲಿ ಆಗುವುದು ಇಷ್ಟು. ಸ್ವ್ಯಾಬನ್ನು ಕುರಿಯ ರಕ್ತ ಬೆರೆಸಿದ ಅಗರ್ ಮೇಲೆ ಗೀಚಿ ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಡುತ್ತಾರೆ. ಬೆಳಿಗ್ಗೆ ನೋಡಿದರೆ ಸಾಸಿವೆಗಿಂತ ಚಿಕ್ಕ ಚುಕ್ಕಿಗಳು. ಪ್ರತಿ ಚುಕ್ಕಿಯ ಸುತ್ತ ಕೆಂಪು ಕರಗಿ, ಹಿಂದಿನ ಕಿಟಕಿ ಕಾಣುವಷ್ಟು ತಿಳಿಯಾಗಿರುತ್ತದೆ. ರಕ್ತಕಣಗಳನ್ನು ಒಡೆದ ಈ ಗುರುತಿಗೆ ಬೀಟಾ ಹೀಮೋಲಿಸಿಸ್ ಎಂದು ಹೆಸರು. ಆದರೆ ಹೀಗೆ ರಕ್ತ ಕರಗಿಸುವ ಸ್ಟ್ರೆಪ್ಟೋಕಾಕಸ್ ಒಂದೇ ಅಲ್ಲ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿದ್ದ ರೆಬೆಕಾ ಲ್ಯಾನ್ಸ್‌ಫೀಲ್ಡ್ ಮನುಷ್ಯರಿಂದ, ದನಗಳಿಂದ, ಹಾಲಿನಿಂದ, ಚೀಸ್‌ನಿಂದ ಬಂದ ತಳಿಗಳನ್ನೆಲ್ಲ ಕೂಡಿಹಾಕಿ, ಅವುಗಳ ಗೋಡೆಯಲ್ಲಿದ್ದ ಒಂದು ಬಗೆಯ ಸಕ್ಕರೆಯ ಆಧಾರದ ಮೇಲೆ 1933ರಲ್ಲಿ ಗುಂಪು ಮಾಡಿದರು. ಮನುಷ್ಯರ ಗಂಟಲು ಕೆಡಿಸುವವು ಬಹುತೇಕ ‘ಎ’ಗೆ ಬಿದ್ದವು. ಇವತ್ತೂ ನಾವು ಬಳಸುವುದು ಆಕೆ ಇಟ್ಟ ಅಕ್ಷರಗಳನ್ನೇ.

ಮಾತ್ರೆ ಮಾತ್ರ ನಿಲ್ಲಿಸಬೇಡಿ. ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಆದರೆ ಪೂರ್ತಿ 10 ದಿನ. ಜ್ವರ ಬಿಡುವುದಕ್ಕೆ ಮೂರು ದಿನ ಸಾಕು, ಗಂಟಲಿನಿಂದ ಬ್ಯಾಕ್ಟೀರಿಯಾ ಹೊರಡುವುದಕ್ಕೆ ಸಾಲದು. ಉಳಿದುಕೊಂಡರೆ ಎರಡು ಮೂರು ವಾರ ಕಳೆದು ಕೆಲವು ಮಕ್ಕಳಲ್ಲಿ ರುಮ್ಯಾಟಿಕ್ ಜ್ವರವಾಗಿ ಹೃದಯದ ಕವಾಟಕ್ಕೇ ಏರುತ್ತದೆ. ಉಪ್ಪುನೀರು ಮುಕ್ಕಳಿಸಲಿ, ಕಾಳುಮೆಣಸಿನ ಕಷಾಯ ಕುಡಿಯಲಿ, ಹಿತವಾಗುತ್ತದೆ. ಅದು ಮಾತ್ರೆಯ ಜೊತೆಗೆ, ಮಾತ್ರೆಯ ಬದಲಿಗಲ್ಲ.

ಮಗನ ಸಂಸಾರ ಇಂಗ್ಲೆಂಡಿನಲ್ಲಿದೆ. ಮೊಮ್ಮಗನ ಶಾಲೆಯಿಂದ ಸ್ಕಾರ್ಲೆಟ್ ಜ್ವರದ ಬಗ್ಗೆ ಪತ್ರ ಬಂತಂತೆ. ಅಲ್ಲಿ ಸ್ಟ್ರೆಪ್‌ನ ‘ಹೊಸ ತಳಿ’ ಉಂಟು ಎಂದು ಸೊಸೆ ಹೆದರಿದ್ದಾಳೆ. ರಜೆಗೆ ಬರುವುದು ಬೇಡ ಎನ್ನಲೇ?
— ಒಬ್ಬ ಅಜ್ಜಿ, ರಥಬೀದಿ, ಉಡುಪಿ

ಬರಲಿ ಅಮ್ಮಾ, ಧಾರಾಳವಾಗಿ ಬರಲಿ. ಸ್ಕಾರ್ಲೆಟ್ ಜ್ವರವೂ ಇದೇ ಗ್ರೂಪ್ ಎ ಸ್ಟ್ರೆಪ್ಟೋಕಾಕಸ್ (ಸ್ಟ್ರೆಪ್) ತರುವ, ಮೈಮೇಲೆ ಕೆಂಪು ದದ್ದೇಳುವ ಜ್ವರ. ಮಗುವಿಗೆ ಜ್ವರ ಬಂದರೂ ಸರಿಯಾದ ಆಂಟಿಬಯಾಟಿಕ್ ಶುರು ಮಾಡಿ 24 ಗಂಟೆ ಕಳೆದರೆ ಇತರರಿಗೆ ಹರಡುವ ಭಯ ಬಹುಮಟ್ಟಿಗೆ ಮುಗಿಯಿತು. ಅಲ್ಲಿನ ಶಾಲೆಗಳೂ ಮಕ್ಕಳನ್ನು ಅದೇ ಲೆಕ್ಕದಲ್ಲಿ ಮನೆಯಲ್ಲಿರಿಸುತ್ತವೆ.

‘ಹೊಸ ತಳಿ’ಯ ಮಾತು ಸುಳ್ಳಲ್ಲ. ಗ್ರೂಪ್ ಎ ಎನ್ನುವುದು ಮನೆತನದ ಹೆಸರಾದರೆ ಅದರೊಳಗೆ ಒಬ್ಬೊಬ್ಬರನ್ನೂ ಬೇರೆ ಮಾಡಿ ಗುರುತಿಸುವುದಕ್ಕೆ ಟೈಪಿಂಗ್ ಎನ್ನುತ್ತೇವೆ. ಬ್ಯಾಕ್ಟೀರಿಯಾದ ಮೈಮೇಲೆ ಕೂದಲಿನ ಹಾಗೆ ಎಂ ಎಂಬ ಪ್ರೋಟೀನ್ ಎದ್ದಿರುತ್ತದೆ. ಇದನ್ನು ಮೊದಲು ವಿಂಗಡಿಸಿದವರೂ ಲ್ಯಾನ್ಸ್‌ಫೀಲ್ಡ್. ಲಂಡನ್ನಿನಲ್ಲಿ ಫ್ರೆಡ್ ಗ್ರಿಫಿತ್ ಎಂಬವರು ಗಾಜಿನ ಸ್ಲೈಡಿನ ಮೇಲೆ ಸೀರಮ್ ಹಾಕಿ, ಬ್ಯಾಕ್ಟೀರಿಯಾ ಗಂಟುಗಟ್ಟುತ್ತದೆಯೇ ನೋಡಿ ಇನ್ನೊಂದು ದಾರಿಯಲ್ಲಿ ಟೈಪ್ ಮಾಡುತ್ತಿದ್ದರು. 1941ರಲ್ಲಿ ಲಂಡನ್ನಿನ ಮೇಲೆ ಬಾಂಬು ಬಿದ್ದಾಗ ಅವರು ತೀರಿಕೊಂಡರು. ಅವರ ಹೆಸರು ನಮ್ಮ ವಿದ್ಯಾರ್ಥಿಗಳಿಗೆ ನ್ಯುಮೋಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಪ್ರಯೋಗದಿಂದ ಮಾತ್ರ ಗೊತ್ತಿರುವುದು ನನಗೆ ಬೇಸರದ ಸಂಗತಿ. ಈಗ ಸೀರಮ್ ಬೇಡ, ಆ ಪ್ರೋಟೀನಿನ ಜೀನ್ ಓದಿದರೆ ಸಾಕು. ಇದಕ್ಕೆ ಇಎಂಎಂ ಟೈಪಿಂಗ್ ಎಂದು ಹೆಸರು, 200ಕ್ಕೂ ಹೆಚ್ಚು ಟೈಪುಗಳುಂಟು.

ಇಂಗ್ಲೆಂಡಿನಲ್ಲಿ 2014ರಿಂದ ಸ್ಕಾರ್ಲೆಟ್ ಜ್ವರ ಏರಿತು. ಟೈಪ್ 1ರಲ್ಲೇ ಸ್ವಲ್ಪ ಬೇರೆಯಾದ ಒಂದು ಕವಲನ್ನು ಅಲ್ಲಿನ ವಿಜ್ಞಾನಿಗಳು ಹಿಡಿದು, 2019ರಲ್ಲಿ ಪ್ರಕಟಿಸಿ ಎಂ1ಯುಕೆ ಎಂದು ಕರೆದರು. ಹಳೆಯ ಟೈಪ್ 1ಕ್ಕೂ ಇದಕ್ಕೂ ಜೀನೋಮಿನಲ್ಲಿ 27 ಅಕ್ಷರಗಳಷ್ಟೇ ವ್ಯತ್ಯಾಸ, ಆದರೆ ಸ್ಕಾರ್ಲೆಟ್ ಜ್ವರದ ವಿಷಗಳಲ್ಲಿ ಒಂದನ್ನು ಇದು ಹೆಚ್ಚು ಸುರಿಸುತ್ತದೆ. ಟೈಪ್ ಮಾಡುವವರಿಲ್ಲದಿದ್ದರೆ ಇದೂ ‘ಗ್ರೂಪ್ ಎ’ ಎಂಬ ಒಂದೇ ಸಾಲಿನಲ್ಲಿ ಮುಚ್ಚಿಹೋಗುತ್ತಿತ್ತು. ಸೊಸೆಗೆ ಧೈರ್ಯ ಹೇಳಿ: ಹೊಸ ಕವಲಿಗೂ ಹಳೆಯ ಪೆನಿಸಿಲಿನ್ನೇ ಮದ್ದು. ಮಗು ಮಂಕಾಗಿ ಮಲಗಿಬಿಟ್ಟರೆ, ಉಸಿರು ಜೋರಾದರೆ, ಗಾಯವಿಲ್ಲದ ಕಡೆ ಸಹಿಸಲಾಗದಷ್ಟು ನೋವೆಂದರೆ ಮಾತ್ರ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ವಯಸ್ಸು 24. ಮೊಣಕಾಲು ನೋವಿಗೆ ರಕ್ತ ಪರೀಕ್ಷೆ ಮಾಡಿಸಿದೆ. ಎಎಸ್‌ಒ 400. ಐದು ವರ್ಷಗಳ ಕಾಲ 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ತೆಗೆದುಕೊಳ್ಳಬೇಕು ಎಂದಿದ್ದಾರೆ. ನಿಜವಾಗಿ ಬೇಕೇ?
— ಓದುಗರು, ಬ್ರಹ್ಮಾವರ

ಆ ಒಂದು ಅಂಕೆಯ ಮೇಲೆ ಐದು ವರ್ಷದ ಚಿಕಿತ್ಸೆ ನಿಲ್ಲುವುದಿಲ್ಲ. ಇತ್ತೀಚೆಗೆ ಎಂದೋ ಸ್ಟ್ರೆಪ್ಟೋಕಾಕಸ್ ನಿಮ್ಮ ಮೈಗೆ ಬಂದು ಹೋಗಿದೆ ಎಂಬುದಷ್ಟೇ ಎಎಸ್‌ಒ (ಸ್ಟ್ರೆಪ್ಟೋಕಾಕಸ್ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯದ ಅಳತೆ) ಹೇಳುವ ಮಾತು. ಶಾಲೆಗೆ ಹೋಗುವ ಆರೋಗ್ಯವಂತ ಮಕ್ಕಳಲ್ಲೂ ಅದು 200 ದಾಟುವುದುಂಟು. ರುಮ್ಯಾಟಿಕ್ ಜ್ವರ ಎನ್ನಬೇಕಾದರೆ 1944ರಲ್ಲಿ ಡಕೆಟ್ ಜೋನ್ಸ್ ಹಾಕಿಕೊಟ್ಟ, ಆಮೇಲೆ ಹಲವು ಸಲ ತಿದ್ದಿದ ಲಕ್ಷಣಗಳ ಪಟ್ಟಿಗೆ ಹೊಂದಬೇಕು: ಊದಿ, ಒಂದರಿಂದ ಇನ್ನೊಂದಕ್ಕೆ ಹಾರುವ ಕೀಲು ನೋವು, ಹೃದಯದ ಉರಿಯೂತ, ಕೈಕಾಲು ತಾನಾಗಿ ಕುಣಿಯುವುದು, ಹೀಗೆ. ಫಿಸಿಶಿಯನ್‌ಗೆ ತೋರಿಸಿ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ, ಆಮೇಲೆ ನಿರ್ಧಾರವಾಗಲಿ.

ಇದನ್ನು ಓದಿ, ಎಕೋದಲ್ಲಿ ಕವಾಟದ ತೊಂದರೆ ಕಂಡು ಇಂಜೆಕ್ಷನ್ ಪಡೆಯುತ್ತಿರುವ ಯಾರೂ ದಯವಿಟ್ಟು ನಿಲ್ಲಿಸಬೇಡಿ. ನಿಮಗೆ ಆ 21ನೇ ದಿನ ತಪ್ಪಲೇಬಾರದು.

ಮಗನ ಕಾಲಿನ ಕಜ್ಜಿ ವಾಸಿಯಾಗಿ ಹದಿನೈದು ದಿನವಾಯಿತು. ಈಗ ಮುಖ ಊದಿದೆ, ಮೂತ್ರ ಕಪ್ಪು ಚಹಾದ ಬಣ್ಣ. ಮದ್ದು ತಿಳಿಸಿ.
— ತಂದೆ, ಕಾಪು

ಈ ಪತ್ರ ಕೈಸೇರಿದ ದಿನವೇ ಸಂಪಾದಕರಿಂದ ಫೋನ್ ಮಾಡಿಸಿದೆ, ಮಗುವನ್ನು ಅದಾಗಲೇ ಆಸ್ಪತ್ರೆಗೆ ಸೇರಿಸಿದ್ದರು. ಬೇರೆಯವರಿಗೂ ಗೊತ್ತಿರಲೆಂದು ಅಚ್ಚು ಹಾಕಿದ್ದೇವೆ. ಚರ್ಮದ ಸ್ಟ್ರೆಪ್ ಕೆಲವೊಮ್ಮೆ ಹೀಗೆ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಕಾಗದ ಬರೆಯುತ್ತಾ ಕೂರಬೇಡಿ, ಅದೇ ದಿನ ಮಕ್ಕಳ ಡಾಕ್ಟರಲ್ಲಿಗೆ ಹೋಗಿ ರಕ್ತದೊತ್ತಡ ನೋಡಿಸಿ.

ನಮ್ಮ ಹಾಸ್ಟೆಲಿನ 13ರ ಹುಡುಗನೊಬ್ಬನಿಗೆ ಗಂಟಲಲ್ಲಿ ಬೂದು ಪೊರೆ ಕಂಡಿತು. ‘ಗಂಟಲಮಾರಿ (ಡಿಫ್ತೀರಿಯಾ) ಇರಬಹುದು’ ಎಂದು ಆಂಟಿಟಾಕ್ಸಿನ್ ಕೊಟ್ಟರು. ಜೊತೆಗಿದ್ದ ಮಕ್ಕಳಿಗೆಲ್ಲ ಸ್ವ್ಯಾಬ್, ಮಾತ್ರೆ, ಚುಚ್ಚುಮದ್ದು. ವಾರದ ಮೇಲೆ ರಿಪೋರ್ಟ್: ಡಿಫ್ತೀರಿಯಾ ಬ್ಯಾಕ್ಟೀರಿಯಾ ಹೌದು, ಆದರೆ ವಿಷ ಉತ್ಪಾದನೆ ಇಲ್ಲ. ಸುಮ್ಮನೆ ಗಾಬರಿ ಮಾಡಿದಿರಿ ಎಂದು ಪೋಷಕರು ನನ್ನ ಮೇಲೆ ಸಿಟ್ಟಾಗಿದ್ದಾರೆ. ತಪ್ಪಾಯಿತೇ?
— ಹಾಸ್ಟೆಲ್ ವಾರ್ಡನ್, ಕುಂದಾಪುರ ತಾಲೂಕು

ಇಲ್ಲ ಮೇಷ್ಟ್ರೇ. ನೀವೂ ಡಾಕ್ಟರರೂ ಮಾಡಿದ್ದು ಒಂದಿಷ್ಟೂ ತಪ್ಪಲ್ಲ. ಪೋಷಕರ ಸಭೆ ಕರೆದು ಈ ಉತ್ತರವನ್ನು ಓದಿ ಹೇಳಿ.

ಗಂಟಲಮಾರಿಯಲ್ಲಿ ಕೊಲ್ಲುವುದು ಬ್ಯಾಕ್ಟೀರಿಯಾ ಅಲ್ಲ, ಅದು ಬಿಡುವ ವಿಷ. ಬ್ಯಾಕ್ಟೀರಿಯಾ ಗಂಟಲು ಬಿಟ್ಟು ಕದಲುವುದಿಲ್ಲ, ವಿಷ ರಕ್ತದಲ್ಲಿ ಸೇರಿ ಹೃದಯಕ್ಕೆ, ನರಗಳಿಗೆ ಹೋಗುತ್ತದೆ. ಪೊರೆ ಬಿದ್ದು ಮಗು ಗೆಲುವಾಯಿತು ಎನ್ನುವಾಗ ಹೃದಯ ನಿಲ್ಲಬಹುದು, ಕುಡಿದ ನೀರು ಮೂಗಿನಲ್ಲಿ ಬರಬಹುದು. ಆಂಟಿಟಾಕ್ಸಿನ್ ರಕ್ತದಲ್ಲಿ ಓಡಾಡುವ ವಿಷವನ್ನು ಹಿಡಿಯುತ್ತದೆ, ಜೀವಕೋಶದೊಳಗೆ ಹೊಕ್ಕಿದ್ದನ್ನು ಹಿಡಿಯಲಾರದು. ಅದಕ್ಕೇ ರಿಪೋರ್ಟಿಗೆ ಕಾಯುವಂತಿಲ್ಲ. ಕಣ್ಣಿಗೆ ಪೊರೆ ಕಂಡು ಡಾಕ್ಟರಿಗೆ ಸಂಶಯ ಬಂದರೆ ಮೊದಲು ಸ್ವ್ಯಾಬ್, ಕೂಡಲೇ ಆಂಟಿಟಾಕ್ಸಿನ್.

ಹಾಗಾದರೆ ವಿಷವಿಲ್ಲದ ಬ್ಯಾಕ್ಟೀರಿಯಾ ಹೇಗೆ? ವಿಷದ ಜೀನ್ ಈ ಬ್ಯಾಕ್ಟೀರಿಯಾದ ಸ್ವಂತ ಆಸ್ತಿಯಲ್ಲ. ಅದನ್ನು ಹೊತ್ತು ತರುವುದು ಬ್ಯಾಕ್ಟೀರಿಯಾದೊಳಗೆ ಸೇರಿಕೊಳ್ಳುವ ಒಂದು ವೈರಸ್, ಫೇಜ್ ಎನ್ನುತ್ತಾರೆ. ವಿಷವಿಲ್ಲದ ತಳಿಗೆ ಫೇಜ್ ಸೋಂಕಿದರೆ ಅದೂ ವಿಷ ಸುರಿಸಲು ಕಲಿಯುತ್ತದೆ ಎಂದು 1951ರಲ್ಲಿ ವಿಕ್ಟರ್ ಫ್ರೀಮನ್ ತೋರಿಸಿದರು. ಆದ್ದರಿಂದ ಮೈಕ್ರೋಸ್ಕೋಪಿನಲ್ಲಿ ಆಲ್ಬರ್ಟ್ ಬಣ್ಣ ಹಾಕಿದಾಗ ಕಾಣುವ ಹಸಿರು ಕಡ್ಡಿ, ಅದರ ತುದಿಯ ಕಪ್ಪುನೀಲಿ ಕಾಳು, ಟೆಲ್ಯುರೈಟ್ ಪ್ಲೇಟಿನ ಕಪ್ಪು ಕಾಲನಿ, ಇವೆಲ್ಲ ಹೆಸರು ಹೇಳುತ್ತವೆ, ಗುಣ ಹೇಳುವುದಿಲ್ಲ. ಆ ಗುಣ ತಿಳಿಯುವುದಕ್ಕೇ ನಿಮ್ಮ ಒಂದು ವಾರ ಹಿಡಿದದ್ದು. ಆ ವಾರದಲ್ಲಿ ಮಕ್ಕಳನ್ನು ಕಾಪಾಡದೆ ಕೂತಿದ್ದು, ಉತ್ತರ ‘ವಿಷ ಉಂಟು’ ಎಂದು ಬಂದಿದ್ದರೆ?

ಹಾಗೆ ಬಂದ ದಿನಗಳನ್ನು ನಾನು ನೋಡಿದ್ದೇನೆ. ಒಮ್ಮೆ ಒಂದು ಆಸ್ಪತ್ರೆಯಿಂದ ಹುಡುಗಿಯೊಬ್ಬಳ ಗಂಟಲಿನ ಪೊರೆಯ ತುಣುಕನ್ನು ಫಾರ್ಮಲಿನ್ ಬಾಟ್ಲಿಯಲ್ಲಿ ಹಾಕಿ ಕಳಿಸಿದ್ದರು. ಮುಚ್ಚಳ ತೆಗೆದಾಗ ಕಣ್ಣಿಗೆ ಉರಿ ಬಡಿದದ್ದು ಇವತ್ತಿಗೂ ನೆನಪಿದೆ. ಫಾರ್ಮಲಿನ್‌ಗೆ ಬಿದ್ದ ಬ್ಯಾಕ್ಟೀರಿಯಾ ಸತ್ತಂತೆಯೇ, ಏನು ಬೆಳೆಸುವುದು? ಮತ್ತೆ ಸ್ವ್ಯಾಬ್ ಕೇಳಿದೆವು. ಅಷ್ಟರಲ್ಲಿ ಆಂಟಿಬಯಾಟಿಕ್ ಕೊಟ್ಟಾಗಿತ್ತು. ಪುಣ್ಯಕ್ಕೆ ಅವಳ ಡಾಕ್ಟರು ನಮ್ಮ ಉತ್ತರ ಕಾಯದೆ ಆಂಟಿಟಾಕ್ಸಿನ್ ತರಿಸಿದ್ದರು, ಹುಡುಗಿ ಉಳಿದಳು. ಅವಳ ಅಣ್ಣನ ಗಂಟಲಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಿತು, ವಿಷ ಸುರಿಸುವುದೇ. ಅವನಿಗೆ ಒಂದು ಕೆಮ್ಮೂ ಇರಲಿಲ್ಲ. ಜೊತೆಗಿದ್ದವರೆಲ್ಲರ ಸ್ವ್ಯಾಬ್ ತೆಗೆಯುವುದು ಯಾಕೆಂದು ನಿಮ್ಮ ಪೋಷಕರು ಕೇಳಿದರೆ ಈ ಅಣ್ಣನ ಕತೆ ಹೇಳಿ.

ಅದೇ ಫಾರ್ಮಲಿನ್ ಇನ್ನೊಂದು ಕಡೆ ನಮ್ಮನ್ನು ಕಾಯುತ್ತದೆ. ವಿಷವನ್ನು ಅದರಲ್ಲಿ ಬೆಚ್ಚಗಿಟ್ಟರೆ ಕೊಲ್ಲುವ ಶಕ್ತಿ ಹೋಗಿ, ದೇಹಕ್ಕೆ ಪಾಠ ಕಲಿಸುವ ಗುಣ ಉಳಿಯುತ್ತದೆ ಎಂದು ಫ್ರಾನ್ಸಿನ ಗ್ಯಾಸ್ಟನ್ ರಾಮನ್ 1923ರಲ್ಲಿ ಕಂಡುಕೊಂಡರು. ನಮ್ಮ ಲಸಿಕೆ ಅದೇ. ಅದು ಕಲಿಸುವುದು ವಿಷದ ವಿರುದ್ಧ. ಬ್ಯಾಕ್ಟೀರಿಯಾ ಗಂಟಲಿನಲ್ಲಿ ಕೂರುವುದನ್ನು ಅದು ಪೂರ್ತಿ ತಡೆಯುವುದಿಲ್ಲ, ಆದ್ದರಿಂದ ಲಸಿಕೆ ಹಾಕಿಸಿಕೊಂಡವರೂ ಹೊತ್ತು ತಿರುಗಬಹುದು. ಆ ರಕ್ಷಣೆ ವರ್ಷ ಕಳೆದಂತೆ ಸವೆಯುತ್ತದೆ ಕೂಡ. 6, 10, 14 ವಾರಕ್ಕೆ ಈ ಲಸಿಕೆಯೂ ಸೇರಿದ ಪೆಂಟಾ ಹಾಕಿಸಿ ಮರೆತವರು ಬಹಳ. ಒಂದೂವರೆ ವರ್ಷದ ಹೊತ್ತಿನ ಬೂಸ್ಟರ್, 5-6 ವರ್ಷದ ಬೂಸ್ಟರ್, 10 ಮತ್ತು 16ನೇ ವಯಸ್ಸಿನ ಟಿಡಿ (ಟೆಟನಸ್-ಡಿಫ್ತೀರಿಯಾ ಲಸಿಕೆ) ಎಷ್ಟು ಮನೆಗಳ ಕಾರ್ಡಿನಲ್ಲಿ ತುಂಬಿದೆ? ಒಂದು ಕಾಲದಲ್ಲಿ ಪುಟ್ಟ ಮಕ್ಕಳ ಕಾಯಿಲೆಯಾಗಿದ್ದ ಗಂಟಲಮಾರಿ ಈಗ ನಿಮ್ಮ ಹುಡುಗನಂಥ ದೊಡ್ಡ ಮಕ್ಕಳಲ್ಲಿ ಕಾಣುತ್ತಿರುವುದು ಇದಕ್ಕೇ. ದೂರದ ಮಾತಲ್ಲ, 2016ರಲ್ಲಿ ಪಕ್ಕದ ಕೇರಳದ ಮಲಪ್ಪುರಂನಲ್ಲಿ ಅದು ಮರಳಿ ಬಂದು ಮಕ್ಕಳನ್ನು ಕೊಂಡೊಯ್ದಿತು. 1990ರ ದಶಕದಲ್ಲಿ ಸೋವಿಯತ್ ಒಕ್ಕೂಟ ಒಡೆದ ನಾಡುಗಳಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿ ಜನರಿಗೆ ಬಂತು, ಅವರಲ್ಲಿ ದೊಡ್ಡವರೇ ಬಹಳ. ಆ ತಳಿಗಳ ಡಿಎನ್‌ಎ ನಮೂನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಒಂದೇ ಬಳಗದ ತಳಿ ಊರಿಂದೂರಿಗೆ ನಡೆದದ್ದು ಗೊತ್ತಾಯಿತು.

ನಿಮ್ಮ ಹಾಸ್ಟೆಲಿನ ಮಕ್ಕಳಿಗೆ ಕೊಟ್ಟ ಚುಚ್ಚುಮದ್ದು ಆ ಖಾಲಿ ಬಿಟ್ಟಿದ್ದ ಜಾಗವನ್ನೇ ತುಂಬಿದೆ. ವ್ಯರ್ಥ ಎಲ್ಲಿಯದು?

ನಾನು ಮಣಿಪಾಲದಲ್ಲಿ ಎಂಎಲ್‌ಟಿ (ವೈದ್ಯಕೀಯ ಲ್ಯಾಬ್ ತಂತ್ರಜ್ಞಾನ) ಓದುತ್ತಿದ್ದೇನೆ. ಪಿಸಿಆರ್‌ನಲ್ಲಿ ವಿಷದ ಜೀನ್ ಕೆಲವೇ ಗಂಟೆಯಲ್ಲಿ ಸಿಗುವಾಗ ಹಳೆಯ ಎಲೆಕ್ ಟೆಸ್ಟ್ ಇನ್ನೂ ಯಾಕೆ ಮೇಡಂ?
— ವಿದ್ಯಾರ್ಥಿನಿ

ಜೀನ್ ಇದ್ದ ಮಾತ್ರಕ್ಕೆ ವಿಷ ಬರಲೇಬೇಕೆಂದಿಲ್ಲಮ್ಮ. ಜೀನ್ ಇದ್ದೂ ಒಂದಕ್ಷರ ಕೆಟ್ಟು ವಿಷ ತಯಾರಾಗದ ತಳಿಗಳುಂಟು. ಪಿಸಿಆರ್ ಜೀನ್ ಇಲ್ಲ ಎಂದರೆ ನಂಬು. ಉಂಟು ಎಂದರೆ, ವಿಷ ನಿಜವಾಗಿ ಬರುತ್ತಿದೆಯೇ ಎಂದು ನೋಡಲು ಎಲೆಕ್ ಹಾಕು. ಅಗರ್ ಮೇಲೆ ಆಂಟಿಟಾಕ್ಸಿನ್ ಹೀರಿದ ಕಾಗದದ ಪಟ್ಟಿ, ಅದಕ್ಕೆ ಅಡ್ಡಲಾಗಿ ರೋಗಿಯ ತಳಿಯ ಗೀರು, ಪಕ್ಕದಲ್ಲಿ ವಿಷ ಸುರಿಸುವುದೆಂದು ಮೊದಲೇ ಗೊತ್ತಿರುವ ತಳಿಯ ಗೀರು. ವಿಷವೂ ಆಂಟಿಟಾಕ್ಸಿನ್ನೂ ಎದುರಾದಲ್ಲಿ ಕೂದಲೆಳೆಯಂಥ ಬಿಳಿ ಗೆರೆ ಮೂಡುತ್ತದೆ.

ಕಂಟ್ರೋಲ್, ಅಂದರೆ ಆ ಮೊದಲೇ ಗೊತ್ತಿರುವ ತಳಿ, ಇಲ್ಲದ ಪ್ಲೇಟನ್ನು ಓದಲೇಬೇಡ. ಪ್ಲೇಟಿನ ಹಿಂದೆ ಕಪ್ಪು ಕಾಗದ ಹಿಡಿದು, ಬೆಳಕು ಓರೆಯಾಗಿ ಬೀಳುವ ಹಾಗೆ ನೋಡು. ರೋಗಿಯ ತಳಿಯ ಗೆರೆ ಬಾಗಿ ಬಂದು ಕಂಟ್ರೋಲಿನ ಗೆರೆಯ ಜೊತೆ ಒಂದೇ ಕಮಾನಾಗಿ ಕೂಡಿದರೆ ಮಾತ್ರ ಅದು ಪಾಸಿಟಿವ್. ಒಂದನ್ನೊಂದು ದಾಟಿ ಹೋದರೆ ಬೇರೆ ಯಾವುದೋ ಪ್ರೋಟೀನಿನ ಗೆರೆ. ಆಗ ಸಹಿ ಮಾಡದೆ ಪ್ಲೇಟನ್ನು ಹಿಡಿದುಕೊಂಡು ನಿನ್ನ ಮೇಡಂ ಹತ್ತಿರ ಹೋಗು.